ದುಃಖದ ಎದೆನೋವನ್ನು ಕಡೆಗಣಿಸದಿರೋಣ

ಮನೆಯಲ್ಲಿ ಸಾವು ಸಂಭವಿಸಿದಾಗ ಹಿರಿಯ ಮಹಿಳೆಯೊಬ್ಬರು ಎದೆ ಹಿಡಿದುಕೊಂಡು ಕುಳಿತರೆ, ‘ದುಃಖದಿಂದ ಹಾಗಾಗಿದೆ, ಸ್ವಲ್ಪ ಮಲಗಿದರೆ ಸರಿಹೋಗುತ್ತದೆ’ ಎಂದು ನಾವು ಸಮಾಧಾನ ಹೇಳುತ್ತೇವೆ. ಆದರೆ ತೀವ್ರ ಆಘಾತದಿಂದ ಹೃದಯದ ಸ್ನಾಯು ನಿಜವಾಗಿಯೂ ದುರ್ಬಲವಾಗುವುದುಂಟು. ವೈದ್ಯರು ಇದನ್ನು ‘ಟಾಕೊಟ್ಸುಬೊ ಕಾರ್ಡಿಯೊಮಯೋಪತಿ’ ಎನ್ನುತ್ತಾರೆ.

ಹೆಸರು ಬಂದ ಬಗೆ

1990ರಲ್ಲಿ ಜಪಾನಿನ ವೈದ್ಯರು ಈ ಕಾಯಿಲೆಗೆ ಹೆಸರಿಟ್ಟರು. ಟಾಕೊಟ್ಸುಬೊ ಎಂದರೆ ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯಲು ಸಮುದ್ರಕ್ಕೆ ಇಳಿಬಿಡುವ ಮಡಕೆ. ಅದರ ಕುತ್ತಿಗೆ ಕಿರಿದು, ಹೊಟ್ಟೆ ದೊಡ್ಡದು. ಈ ಕಾಯಿಲೆಯಲ್ಲಿ ಹೃದಯದ ಎಡ ಕೆಳಕೋಣೆಯ ತುದಿ ಸರಿಯಾಗಿ ಕುಗ್ಗದೆ ಉಬ್ಬಿಕೊಂಡು ಅದೇ ಆಕಾರದಲ್ಲಿ ಕಾಣುತ್ತದೆ. 2004ರಲ್ಲಿ ಜಪಾನಿನ ನಿಗಾಟ ಪ್ರಾಂತ್ಯದಲ್ಲಿ ಭೂಕಂಪವಾದ ಬಳಿಕ ಇಂತಹ ರೋಗಿಗಳು ಹೆಚ್ಚಾಗಿ ಕಂಡುಬಂದರು. ಇದಕ್ಕೆ ತುತ್ತಾಗುವವರಲ್ಲಿ ಹೆಚ್ಚಿನವರು ಮುಟ್ಟು ನಿಂತ ಮಹಿಳೆಯರು.

ಗ್ರಂಥಿಗಳ ಪಾತ್ರ

ಆಘಾತವಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಾಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಅತಿಯಾದಾಗ ಹೃದಯದ ಸ್ನಾಯು ಮರಗಟ್ಟಿದಂತಾಗುತ್ತದೆ ಎಂಬುದು ತಜ್ಞರ ಅಭಿಪ್ರಾಯ.

ಯಾವ ದುಃಖವೂ ಇಲ್ಲದೆ ಹೀಗಾಗುವುದೂ ಇದೆ. ‘ಫಿಯೊಕ್ರೊಮೊಸೈಟೋಮ’ ಎಂಬ ಅಪರೂಪದ ಗಡ್ಡೆ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆದರೆ, ಅದೇ ಈ ಹಾರ್ಮೋನುಗಳನ್ನು ವಿಪರೀತವಾಗಿ ಸುರಿಸುತ್ತದೆ. ಆಗಾಗ ಬಂದು ಹೋಗುವ ತಲೆನೋವು, ಬೆವರು, ಎದೆಬಡಿತ ಮತ್ತು ಒಮ್ಮೆಲೇ ಏರುವ ಬಿಪಿ ಇದರ ಲಕ್ಷಣಗಳು. ಥೈರಾಯಿಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವವರಲ್ಲಿಯೂ ಹೃದಯದ ಈ ತೊಂದರೆ ಕಂಡುಬಂದಿದೆ. ಗ್ರಂಥಿಯ ದೋಷವನ್ನು ರಕ್ತ, ಮೂತ್ರ ಪರೀಕ್ಷೆ ಹಾಗೂ ಸ್ಕ್ಯಾನ್‌ನಿಂದ ಪತ್ತೆಹಚ್ಚಬಹುದು. ಪತ್ತೆಯಾಗುವುದು ಅತಿ ಅಗತ್ಯ. ಏಕೆಂದರೆ ಗಡ್ಡೆ ಉಳಿದರೆ ಅಪಾಯ ಮರುಕಳಿಸಬಹುದು. ಹೃದಯಕ್ಕೆ ಸಾಮಾನ್ಯವಾಗಿ ಕೊಡುವ ಬೀಟಾ ಬ್ಲಾಕರ್ ಮಾತ್ರೆಯನ್ನು ಬೇರೆ ಸಿದ್ಧತೆಯಿಲ್ಲದೆ ಕೊಟ್ಟರೆ ಬಿಪಿ ಇನ್ನಷ್ಟು ಏರಬಹುದು.

ನಾವು ಮಾಡಬೇಕಾದುದು

ಎದೆನೋವು, ಉಸಿರಾಟದ ತೊಂದರೆ ಕಂಡರೆ ಕಾರಣ ಹುಡುಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯೋಣ. ಇದು ಹೃದಯಾಘಾತವೋ, ಟಾಕೊಟ್ಸುಬೊ ಕಾಯಿಲೆಯೋ ಎಂದು ಮನೆಯಲ್ಲಿ ತಿಳಿಯುವುದು ಸಾಧ್ಯವಿಲ್ಲ. ಇಸಿಜಿ ಎರಡರಲ್ಲೂ ಒಂದೇ ತರಹ ಕಾಣಬಹುದು. ಎಕೋ, ಆಂಜಿಯೋಗ್ರಾಂ ಮಾಡಿದ ಮೇಲೆಯೇ ವ್ಯತ್ಯಾಸ ಸ್ಪಷ್ಟವಾಗುತ್ತದೆ.

‘ಬ್ಲಾಕ್ ಇಲ್ಲ’ ಎಂದು ವೈದ್ಯರು ಹೇಳಿದಾಗ ರೋಗಿ ನಟಿಸುತ್ತಿದ್ದಾರೆಂದು ಭಾವಿಸಬಾರದು. ಮೊದಲಿನಿಂದ ಇದ್ದ ಬೆವರು, ಬಿಪಿ ಏರಿಳಿತ, ಥೈರಾಯಿಡ್ ತೊಂದರೆಗಳನ್ನು ವೈದ್ಯರಿಗೆ ತಪ್ಪದೆ ತಿಳಿಸೋಣ. ಮೊದಲ ಕೆಲವು ದಿನಗಳು ಅಪಾಯಕಾರಿಯಾದರೂ, ಸಕಾಲದಲ್ಲಿ ಚಿಕಿತ್ಸೆ ದೊರೆತ ಹೆಚ್ಚಿನವರ ಹೃದಯ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ.