ಪಡೀಲ್‌ನ ನಲ್ಲಿ ನೀರಿಗೆ ಯಾರು ಹೊಣೆ?

ಮಂಗಳೂರಿನ ಪಡೀಲ್‌ನ ಮನೆಯಲ್ಲಿ ನಲ್ಲಿ ನೀರು ನಿಂತರೆ ಯಾರನ್ನು ಕೇಳಬೇಕು?

ಇದು ನೇತ್ರಾವತಿಯ ನೀರು. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಂತು, ಶುದ್ಧವಾಗಿ, ದಪ್ಪ ಪೈಪಿನಲ್ಲಿ ನಗರಕ್ಕೆ ಬರುತ್ತದೆ. ವಿತರಣೆ, ಮೀಟರ್, ಬಿಲ್ಲು ಎಲ್ಲ ಮಹಾನಗರ ಪಾಲಿಕೆಯದ್ದು. ರಸ್ತೆ, ಕಸ, ದಾರಿದೀಪವೂ ಅದರ ಹೆಗಲ ಮೇಲೇ.

ಬೆಂಗಳೂರಿನದು ಬೇರೆ ದಾರಿ. 1964ರಲ್ಲೇ ಕಾಯ್ದೆ ಬಂತು. ನೀರು, ಒಳಚರಂಡಿಗೆಂದೇ ಜಲಮಂಡಳಿ ಹುಟ್ಟಿತು. ಎಂಜಿನಿಯರುಗಳೂ ಅದರವರೇ, ಲೆಕ್ಕಪತ್ರವೂ ಅದರದ್ದೇ.

ಮಂಗಳೂರಿಗೂ ಅಂಥ ಮಂಡಳಿ ಬೇಕೇ? ಬಂದರೆ ನೀರಿನ ದುಡ್ಡು ನೀರಿಗೇ ಉಳಿಯಬಹುದು. ಆದರೆ ನೀವು ಆರಿಸಿದ ಕಾರ್ಪೊರೇಟರ್‌ಗೆ ಅದರ ಮೇಲೆ ಹಿಡಿತ ಕಮ್ಮಿಯಾದೀತು. ಮಳೆ ತಡವಾದರೆ ತುಂಬೆಯ ಮಟ್ಟ ಇಳಿಯುವುದನ್ನು ಯಾವ ಮಂಡಳಿಯೂ ತಡೆಯಲಾರದು.

ಮಂಡಳಿ ಬರಲಿ, ಪಾಲಿಕೆಯೇ ಇರಲಿ, ನೀರಿನ ಲೆಕ್ಕ ಜನರ ಮುಂದಿರಬೇಕು. ವಾರ್ಡ್ ಸಮಿತಿ ಸಭೆಗೆ ಹೋಗಿ, ಆ ಲೆಕ್ಕ ಕೇಳಿ.