ಮಳೆಗಾಲದ ಆಡಿಗೆ ಒಂದು ಹಿಡಿ ಹಿಂಡಿ

ಆಟಿ ತಿಂಗಳ ಜಡಿಮಳೆಯಲ್ಲಿ ನೆಕ್ರಾಜೆಯ ಆಸುಪಾಸಿನ ಗುಡ್ಡೆಗಳು ಎಷ್ಟು ಹಸಿರಾಗಿದ್ದರೂ ಗೂಡಿನಲ್ಲಿರುವ ಆಡಿಗೆ ಅದರಿಂದ ಪ್ರಯೋಜನ ಅಲ್ಪವೇ. ಮಳೆಗೆ ಅಂಜುವ ಪ್ರಾಣಿ ಅದು. ನೀರು ತೊಟ್ಟಿಕ್ಕುವ ಸೊಪ್ಪನ್ನು ಮೂಸಿ ಬಿಟ್ಟುಬಿಡುತ್ತದೆ. ನಮ್ಮ ಕಡೆಯ ಮಲಬಾರಿ ತಳಿಯಲ್ಲಿ ಅವಳಿ ಮರಿಗಳು ಸಾಮಾನ್ಯ. ಈ ದಿನಗಳಲ್ಲಿ ತಾಯಿಯ ಕೆಚ್ಚಲು ಬತ್ತಿದರೆ ಎರಡರಲ್ಲೊಂದು ಮರಿ ಸೊರಗುವುದು ನಿಶ್ಚಯ.

ಇದಕ್ಕೆ ಪರಿಹಾರವೆಂದು ಸೈಲೇಜ್ ಎಂದು ಕರೆಯುವ ರಸಮೇವನ್ನು ಮಾಡಿಡುವುದುಂಟು. ಅಡಿಕೆ ತೋಟದ ಅಂಚಿನಲ್ಲಿ ಬೆಳೆದ ನೇಪಿಯರ್ ಹುಲ್ಲನ್ನು ಮಳೆಗೆ ಮುಂಚೆಯೇ ಕೊಯ್ದು, ಅರ್ಧ ದಿನ ಬಾಡಿಸಿ, ಬೆರಳಗಿಣ್ಣಿನಷ್ಟು ಕತ್ತರಿಸಿ, ತುಸು ಬೆಲ್ಲದ ನೀರು ಚಿಮುಕಿಸಿ, ಪ್ಲಾಸ್ಟಿಕ್ ಪೀಪಾಯಿಯಲ್ಲಿ ಗಾಳಿಯಾಡದಂತೆ ತುಳಿದು ತುಂಬಿದರೆ 45 ದಿನಗಳಲ್ಲಿ ಹುಳಿಮಿಶ್ರಿತ ಸುವಾಸನೆಯ ಮೇವು ಸಿದ್ಧವಾಗುತ್ತದೆ. ಬೂಸ್ಟು ಹಿಡಿದ ಭಾಗವನ್ನು ಮಾತ್ರ ಮರುಕವಿಲ್ಲದೆ ಎಸೆಯಬೇಕು. ಕೆಟ್ಟ ರಸಮೇವಿನಿಂದ ಆಡು ಕತ್ತು ವಾಲಿಸಿ ಸುತ್ತು ತಿರುಗುವ ಲಿಸ್ಟೀರಿಯಾ ರೋಗವೂ ಗರ್ಭಪಾತವೂ ಬರಬಹುದು.

ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಪೋಷಣೆ ದೊರೆತಂತಾಗಲಿಲ್ಲ. 30 ಕಿಲೋ ತೂಕದ ಆಡು ದಿನಕ್ಕೆ ಸುಮಾರು 3 ಕಿಲೋ ರಸಮೇವು ತಿಂದೀತು. ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ. ಸಸಾರಜನಕ 65-70 ಗ್ರಾಮಿಗೆ ಮೀರದು. ಬರಡು ಆಡಿಗೆ ಅಷ್ಟು ಸಾಕು. ಒಂದು ಲೀಟರು ಹಾಲಿಳಿಸುವ ತಾಯಿಗಾದರೋ 120 ಗ್ರಾಮಿಗೂ ಮಿಕ್ಕಿ ಬೇಕು. ಈ ಅಂತರವನ್ನು ಹಿಂಡಿಯೇ ತುಂಬಬೇಕು.

ಮೆಕ್ಕೆಜೋಳದ ನುಚ್ಚು 40 ಪಾಲು, ಗೋಧಿ ಬೂಸಾ 27, ನೆಲಗಡಲೆ ಹಿಂಡಿ 15, ತೆಂಗಿನ ಹಿಂಡಿ 15, ಖನಿಜ ಮಿಶ್ರಣ 2, ಉಪ್ಪು 1 ಪಾಲು ಬೆರೆಸಿದರೆ ಮನೆಯಲ್ಲಿಯೇ ಒಳ್ಳೆಯ ಮಿಶ್ರಣವಾಗುತ್ತದೆ. ಮಳೆಗಾಲದಲ್ಲಿ ನೆಲಗಡಲೆ ಹಿಂಡಿಗೆ ಬೂಸ್ಟು ಬೇಗನೆ ಹಿಡಿದು ವಿಷವಾಗುವುದರಿಂದ ಸ್ವಲ್ಪಸ್ವಲ್ಪವೇ ತರುವುದು ಲೇಸು. ಈದ ಆಡಿಗೆ ದಿನಕ್ಕೆ 300 ಗ್ರಾಮು, ಹಾಲು ಹೆಚ್ಚಿದ್ದರೆ 400 ಗ್ರಾಮು, ಎರಡು ಹೊತ್ತಿಗೆ ಹಂಚಿ, ರಸಮೇವು ತಿಂದ ಬಳಿಕ ಕೊಡಬೇಕು. ಜೊತೆಗೆ ನೀರಾರಿದ ಹಲಸಿನ ಸೊಪ್ಪಿನ ಒಂದು ಕಟ್ಟನ್ನು ತೂಗಹಾಕಿದರೆ ಉಳಿದ ಕೊರತೆಯೂ ನೀಗುತ್ತದೆ.

ಈಯುವ ಮೊದಲಿನ ಆರು ವಾರಗಳನ್ನು ನಾವು ಬಹುಮಟ್ಟಿಗೆ ಮರೆಯುತ್ತೇವೆ. ಗರ್ಭದ ಮರಿಗಳು ಹೆಚ್ಚಿನಂಶ ಬೆಳೆಯುವುದು ಆಗಲೇ; ಅವು ಹೊಟ್ಟೆಯನ್ನು ಒತ್ತುವುದರಿಂದ ತಾಯಿ ತಿನ್ನುವ ಮೇವು ಕಡಿಮೆಯಾಗುವುದೂ ಆಗಲೇ. ಹಾಲು ಕರೆಯುವಾಗ ಕೊಡುವ ಹಿಂಡಿಯನ್ನು ಲೆಕ್ಕವಿಡುವ ಯಜಮಾನರು ಈ ಖರ್ಚಿಗೆ ಮುಖ ಸಿಂಡರಿಸುವುದುಂಟು! 50 ಗ್ರಾಮಿನಿಂದ ತೊಡಗಿ ಎರಡು ಮೂರು ದಿನಗಳಿಗೊಮ್ಮೆ ಅಷ್ಟಷ್ಟೇ ಏರಿಸಿ 200 ಗ್ರಾಮಿಗೆ ತಂದರೆ ಸಾಕು.

ಹಾಗೆಂದು ಎಲ್ಲ ಆಡುಗಳಿಗೂ ಸುರಿಯಬೇಕಾಗಿಲ್ಲ. ಕಾಳು, ಬೂಸಾ ಅತಿಯಾದ ಹೋತಗಳಿಗೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಅದಕ್ಕಿಂತಲೂ ದೊಡ್ಡ ಕಂಟಕ ನಮ್ಮ ಪ್ರೀತಿಯೇ. ಸಮಾರಂಭದಲ್ಲಿ ಉಳಿದ ಅನ್ನ, ಗಂಜಿ, ತೋಟದಲ್ಲಿ ಬಿದ್ದ ಹಲಸಿನ ಹಣ್ಣನ್ನು ಒಮ್ಮೆಗೇ ಬುಟ್ಟಿ ತುಂಬ ಇಟ್ಟುಬಿಡುತ್ತೇವೆ. ಆಡು ಆಸೆಯಿಂದ ತಿಂದು, ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಮೆಲುಕು ನಿಲ್ಲಿಸಿ, ಮರುದಿನವೇ ನೆಲ ಹಿಡಿಯುತ್ತದೆ. ಮೇವು ಬಿಟ್ಟು ಹಲ್ಲು ಕಡಿಯುತ್ತಿರುವುದು ಕಂಡೊಡನೆ ಹಿಂಡಿಯನ್ನೂ ಗಂಜಿಯನ್ನೂ ನಿಲ್ಲಿಸಿ, ಒಣಹುಲ್ಲನ್ನಷ್ಟೇ ಮುಂದಿಟ್ಟು, ತಡಮಾಡದೆ ಪಶುವೈದ್ಯರನ್ನು ಕರೆಸಬೇಕು.