ಒಣದ್ರಾಕ್ಷಿ ಇಳಿದ ದಾರಿ

ಪಾರ್ಸೆಂಟ್ ಊರು ದಾಟಿದ ಕೂಡಲೇ ರಸ್ತೆ ಬೆಟ್ಟಕ್ಕೆ ಮುಖ ಮಾಡುತ್ತದೆ. ಎದೆ ಒಡೆಯುವಂಥ ಏರಲ್ಲ. ಆರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಉದ್ದ, ನೂರು ಮೀಟರ್ ತುಳಿದರೆ ಐದಾರು ಮೀಟರ್ ಎತ್ತರ. ಸಣ್ಣ ಗೇರಿಗೆ ಹಾಕಿಕೊಂಡು ಉಸಿರಿಗೆ ಒಂದು ಹದ ಕೂಡಿಸಿಕೊಂಡರೆ ಮಾತಾಡುತ್ತಲೇ ಹತ್ತಬಹುದು. ಒಂದು ಬದಿಗೆ ಸುಣ್ಣಕಲ್ಲಿನ ಬಂಡೆ, ಇನ್ನೊಂದು ಬದಿಗೆ ಕೆಳಗಿಳಿಯುತ್ತಾ ಹೋಗುವ ಕಣಿವೆ. ಕಿವಿಗೆ ಬೀಳುವುದು ಚೈನಿನ ಕಿರುಸದ್ದು, ಟೈರಿನ ಸರಸರ, ನಮ್ಮದೇ ಉಸಿರು, ಅಷ್ಟೆ. ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿರುವ ಕೋಲ್ ದೆ ರಾತೆಸ್ ಘಾಟಿಯ ನೆತ್ತಿಗೆ ಬಂದು ತಿರುಗಿ ನೋಡಿದರೆ, ತಳದಲ್ಲಿ ಶಲೋ ಕಣಿವೆಯ ಊರುಗಳು, ಅವುಗಳಾಚೆ ಮೆಡಿಟರೇನಿಯನ್ ಸಮುದ್ರ.

ಸ್ಪೇನಿನ ಅಲಿಕಾಂತೆ ಪ್ರಾಂತದಲ್ಲಿ, ಗೋರ್ಗೋಸ್ ಎಂಬ ಬಹುಪಾಲು ದಿನ ಒಣಗಿಯೇ ಇರುವ ಹೊಳೆಯ ಸುತ್ತ ಈ ಕಣಿವೆ ಹರಡಿದೆ. ಸ್ಪ್ಯಾನಿಷ್‌ನಲ್ಲಿ ಹಲೋನ್, ಊರವರ ವಲೆನ್ಸಿಯನ್ ನುಡಿಯಲ್ಲಿ ಶಲೋ. ಕರಾವಳಿಯಲ್ಲಿ ಕಾಲ್ಪೆ, ಬೆನಿಡೋರ್ಮ್‌ನಂಥ ಪಟ್ಟಣಗಳು ಬಹುಮಹಡಿ ಹೋಟೆಲುಗಳಿಂದ ಕಿಕ್ಕಿರಿದಿವೆ. ಸೈಕಲ್ಲಿನಲ್ಲಿ ಅಲ್ಲಿಂದ ಒಳನಾಡಿಗೆ ಒಂದೆರಡು ತಾಸು ತುಳಿದರೆ ಹತ್ತು ನಿಮಿಷಕ್ಕೊಂದು ಕಾರು ಕಂಡರೆ ಹೆಚ್ಚು. ಇಷ್ಟು ಚೆನ್ನಾಗಿ ಡಾಂಬರು ಕಂಡ ರಸ್ತೆಗಳು ಇಷ್ಟು ಖಾಲಿ ಇರುವುದು ಹೇಗೆ? ಈ ಪ್ರಶ್ನೆ ನನ್ನನ್ನು ಮೊದಲ ಸವಾರಿಯಿಂದಲೇ ಕಾಡಿತು. ಉತ್ತರ ಹುಡುಕುತ್ತಾ ಹೋದಂತೆ ತಿಳಿದದ್ದಿಷ್ಟು: ಈ ಮೌನ ಪ್ರಕೃತಿ ಕೊಟ್ಟದ್ದಲ್ಲ. ಈ ಬೆಟ್ಟಗಳಿಂದ ಜನ ಮತ್ತೆ ಮತ್ತೆ ಹೊರಟುಹೋಗಿದ್ದಾರೆ; ಅವರು ಬಿಟ್ಟುಹೋದ ಜಾಗದಲ್ಲಿ ನಾವು ಸೈಕಲ್ ತುಳಿಯುತ್ತಿದ್ದೇವೆ.

ಊರಿನ ಫಲಕಗಳನ್ನು ಓದುತ್ತಾ ಹೋದರೆ ಮೊದಲು ಹೋದವರು ಯಾರೆಂದು ಗೊತ್ತಾಗುತ್ತದೆ. ಬೆನಿಗೆಂಬ್ಲಾ, ಬೆನಿದೊಲೇಚ್, ಬೆನಿಮೌರೆಲ್. ಅರಬ್ಬಿಯಲ್ಲಿ 'ಬೆನಿ' ಎಂದರೆ ಇಂಥವರ ಮಕ್ಕಳು, ಇಂಥ ಮನೆತನದವರು. ಶತಮಾನಗಳ ಕಾಲ ಇಲ್ಲಿ ಬಾಳಿದ್ದು ಮುಸ್ಲಿಂ ರೈತರು. ಗುಡ್ಡದ ಮೈಗೆ ಕಲ್ಲು ಪೇರಿಸಿ ಮೆಟ್ಟಿಲು ಹೊಲ ಕಟ್ಟಿದವರು, ನೀರಿಗೆ ಕಾಲುವೆ ತೋಡಿದವರು ಅವರು. ಕ್ರೈಸ್ತ ದೊರೆಗಳು ಬಂದ ಮೇಲೆ ಬಲವಂತದ ಮತಾಂತರವಾಯಿತು; ಮೊರಿಸ್ಕೋಗಳು ಎಂಬ ಹೆಸರು ಬಿತ್ತು. 1609ರ ಸೆಪ್ಟೆಂಬರಿನಲ್ಲಿ, ಮೂರನೆಯ ಫಿಲಿಪ್ ದೊರೆಯ ಕಾಲದಲ್ಲಿ, ವಲೆನ್ಸಿಯಾದ ಮೊರಿಸ್ಕೋಗಳೆಲ್ಲ ದೇಶ ಬಿಡಬೇಕೆಂದು ಡಂಗುರ ಹೊಡೆಯಲಾಯಿತು. ಆ ನಾಡಿನ ಜನರಲ್ಲಿ ಸುಮಾರು ಮೂರನೇ ಒಂದು ಪಾಲು ಅವರೇ. ಡೆನಿಯಾ ಬಂದರಿನಿಂದ ಹಡಗುಗಳು ಅವರನ್ನು ತುಂಬಿಕೊಂಡು ಉತ್ತರ ಆಫ್ರಿಕಾದ ಓರಾನ್ ಕಡೆ ಹೊರಟವು. ಒಪ್ಪದವರು ಪಕ್ಕದ ಲಗ್ವಾರ್ ಕಣಿವೆಯ ಬೆಟ್ಟವೇರಿ ನಿಂತರು. ಆ ಬೆಟ್ಟಕ್ಕೆ 'ಹಸಿರು ಕುದುರೆ' ಎಂಬರ್ಥದ ಕವಾಲ್ ವೆರ್ದ್ ಎಂದು ಹೆಸರು. ಅದೇ ನವೆಂಬರಿನಲ್ಲಿ ಸೈನ್ಯ ಅವರನ್ನು ಅಲ್ಲಿಯೇ ಸದೆಬಡಿಯಿತು. ಲಗ್ವಾರಿನ ಕೊರಕಲುಗಳಲ್ಲಿ ಇವತ್ತಿಗೂ 6,000ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳು ಇಳಿದೇರುತ್ತವೆ. ಜನ ಅವನ್ನು ಮೂರ್‌ಗಳ, ಅಂದರೆ ಆ ಮುಸ್ಲಿಮರ, ಕಾಲದವು ಎನ್ನುತ್ತಾರೆ.

ಪಾಳುಬಿದ್ದ ಹೊಲಗಳಿಗೆ ಮಯೋರ್ಕಾ ದ್ವೀಪದಿಂದ ಒಕ್ಕಲು ತಂದರು. ಕೋಲ್ ದೆ ರಾತೆಸ್ ದಾಟಿ ಆಚೆ ಇಳಿದರೆ ಸಿಗುವ ತಾರ್ಬೆನಾದಲ್ಲಿ ಅದರ ಗುರುತು ಕಿವಿಗೇ ಸಿಗುತ್ತದೆ. ನಾನೂರು ವರ್ಷ ಕಳೆದರೂ ಅಲ್ಲಿನವರು ನಾಮಪದದ ಮುಂದೆ ಸುತ್ತಲಿನ ಊರವರ ಹಾಗೆ 'ಎಲ್', 'ಲಾ' ಎನ್ನದೆ ದ್ವೀಪದ ಹಾಗೆ 'ಎಸ್', 'ಸಾ' ಎನ್ನುತ್ತಾರೆ. ಹೊಸಿಲು ದಾಟಿ ಬಂದವರು ನುಡಿಯನ್ನು ಗಂಟು ಕಟ್ಟಿಕೊಂಡೇ ಬಂದಿದ್ದರು.

ಈ ಕಣಿವೆಯ ದಾರಿಗಳ ಮೇಲೆ ಗಾಡಿಗಳು ಸಾಲುಗಟ್ಟಿ ಓಡಾಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕಾರಣ ಒಣದ್ರಾಕ್ಷಿ. ನಾನು ವಿಜಯಪುರದ ಕಡೆಯವನು. ತಿಕೋಟಾ ದಾರಿಯಲ್ಲಿ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡುಗಳನ್ನು ನೋಡುತ್ತಾ ಬೆಳೆದವನು. ಶಲೋ ಊರಿನ ಹೊರಗೆ ಮೊದಲ ರಿಯುರಾವ್ ಕಂಡಾಗ ಸೈಕಲ್ ನಿಲ್ಲಿಸಿ ಇಳಿದುಬಿಟ್ಟೆ. ಒಕ್ಕಲುಮನೆಗೆ ತಗುಲಿಕೊಂಡ ಉದ್ದನೆ ಪಡಸಾಲೆ ಅದು. ಮುಂದೆ ಗೋಡೆಯಿಲ್ಲ, ಸಾಲಾಗಿ ಕಮಾನುಗಳು. ಕಲ್ಲು ಗಾರೆಯ ದಪ್ಪ ಕಂಬ, ಮೇಲೆ ಹಂಚು, ಒಳಗೆ ನೆರಳು. ಮುಂದಿನ ಅಂಗಳದಲ್ಲಿ ಜೊಂಡಿನ ತಟ್ಟಿಗಳ ಮೇಲೆ ದ್ರಾಕ್ಷಿ ಹರವುತ್ತಿದ್ದರು. ಸಂಜೆ ಇಬ್ಬನಿ ಬೀಳುವ ಮುನ್ನ, ಮೋಡ ಕವಿದರೆ ಓಡೋಡಿ, ತಟ್ಟಿ ಸಮೇತ ಎತ್ತಿ ಕಮಾನಿನೊಳಗೆ ಸೇರಿಸುತ್ತಿದ್ದರು. ಹರವುವುದಕ್ಕೆ ಮೊದಲು ಇನ್ನೊಂದು ಕೆಲಸವಿತ್ತು. ಕುದಿಯುವ ಬೂದಿನೀರಿನ ಕಡಾಯಿಯಲ್ಲಿ ಗೊಂಚಲನ್ನು ಒಂದು ಕ್ಷಣ ಅದ್ದಿ ತೆಗೆಯುವುದು. ಕ್ಷಾರ ತಾಗಿದಾಗ ಸಿಪ್ಪೆಯ ಮೇಣ ಬಿಟ್ಟು ಕೂದಲೆಳೆಯಂಥ ಬಿರುಕು ಮೂಡುತ್ತದೆ. ಒಳಗಿನ ನೀರು ಬೇಗ ಆರುತ್ತದೆ. ನಮ್ಮವರು ಇವತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಗೊಂಚಲು ಅದ್ದಿ ಶೆಡ್ಡಿನ ಬಲೆಗಳ ಮೇಲೆ ಹರವುವುದೂ ಇದೇ ಕಾರಣಕ್ಕೆ. ಆ ಕಮಾನಿನ ಕೆಳಗೆ ನಿಂತಾಗ ನನಗೆ ಪರದೇಶ ಅನ್ನಿಸಲಿಲ್ಲ.

ಒಣಗಿದ ಮಾಲು ಗಾಡಿ, ಹೇಸರಗತ್ತೆಗಳ ಮೇಲೆ ಡೆನಿಯಾಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಹಡಗೇರಿ ಹೆಚ್ಚಾಗಿ ಇಂಗ್ಲೆಂಡಿಗೆ, ಕ್ರಿಸ್ಮಸ್ ಪುಡಿಂಗಿಗೆ. ಇಂಗ್ಲಿಷ್ ವರ್ತಕರು ಡೆನಿಯಾದಲ್ಲೇ ಬೀಡುಬಿಟ್ಟಿದ್ದರು. ಸತ್ತವರಿಗೆ ಅಲ್ಲಿಯೇ ಅವರದೊಂದು ಸ್ಮಶಾನವಿದೆ. ಆಮೇಲೆ ಗ್ರೀಸ್, ತುರ್ಕಿ, ಕ್ಯಾಲಿಫೋರ್ನಿಯಾದ ಮಾಲು ಪೈಪೋಟಿಗೆ ಬಂತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಬಳ್ಳಿಯ ಬೇರು ತಿನ್ನುವ ಫಿಲೋಕ್ಸೆರಾ ಎಂಬ ಹೇನು ತೋಟಗಳನ್ನು ನುಂಗಿತು. ಕಣಿವೆ ಎರಡನೆಯ ಸಲ ಬರಿದಾಯಿತು. ಜನ ಆಲ್ಜೀರಿಯಾ, ಫ್ರಾನ್ಸ್ ಕಡೆ ಕೂಲಿಗೆ ಹೋದರು. 1609ರಲ್ಲಿ ಅಟ್ಟಲ್ಪಟ್ಟವರು ದಾಟಿದ ಅದೇ ಕಡಲನ್ನು, ಅವರ ಹೊಲಕ್ಕೆ ಬಂದವರ ಮರಿಮಕ್ಕಳು ಹೊಟ್ಟೆಪಾಡಿಗಾಗಿ ದಾಟಿದರು. ಇದನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಉಳಿದವರ ಪಾಡೂ ಸುಖದ್ದಲ್ಲ. ಕುಷ್ಠರೋಗ ಈ ಊರುಗಳಲ್ಲಿ ಬೇರೂರಿತ್ತು. ಲೇಖಕ ಗಾಬ್ರಿಯೆಲ್ ಮಿರೋ 1904ರಲ್ಲಿ ಪ್ರಕಟಿಸಿದ 'ದೆಲ್ ವಿವೀರ್' ಪುಸ್ತಕ ಪಾರ್ಸೆಂಟಿನ ರೋಗಿಗಳನ್ನು ಕಂಡು ಬರೆದದ್ದು. ಲಗ್ವಾರಿನ ಫೊಂತಿಲ್ಲೆಸ್‌ನಲ್ಲಿ 1909ರಲ್ಲಿ ಕುಷ್ಠಾಶ್ರಮ ತೆರೆಯಿತು. ಆಮೇಲೆ ಅದರ ಸುತ್ತ ಕಿಲೋಮೀಟರುಗಟ್ಟಲೆ ಉದ್ದಕ್ಕೆ, ಸುಮಾರು 3 ಮೀಟರ್ ಎತ್ತರದ ಗೋಡೆ ಎದ್ದಿತು. ಪೈನ್ ಮರಗಳ ನಡುವೆ ಗುಡ್ಡ ಹತ್ತಿಳಿಯುವ ಆ ಗೋಡೆ ಈಗಲೂ ನಿಂತಿದೆ.

1960ರ ದಶಕದಿಂದ ಪ್ರವಾಸೋದ್ಯಮ ಬೆಳೆದಂತೆ ಕೆಲಸವೆಲ್ಲ ಕರಾವಳಿಗೆ ಜಾರಿತು. ಮುಂದಿನ ದಶಕದಲ್ಲಿ ಕಡಲಿನ ಗುಂಟ ಬಂದ ಎಪಿ-7 ಹೆದ್ದಾರಿ ದೂರದ ವಾಹನಗಳನ್ನೆಲ್ಲ ತನ್ನತ್ತ ಎಳೆದುಕೊಂಡಿತು. ಬೆಟ್ಟದ ರಸ್ತೆಗಳು ಡಾಂಬರು ಕಂಡು, ಊರೂರಿಗೆ ಕೂಡಿಕೊಂಡು, ಹಾಗೇ ಉಳಿದವು. ಚಳಿಗಾಲದಲ್ಲೂ ಹಿಮ ಅಪರೂಪ. ಡಿಸೆಂಬರ್, ಜನವರಿಯಲ್ಲಿ ಯುರೋಪಿನ ದೊಡ್ಡ ವೃತ್ತಿಪರ ತಂಡಗಳು ಕಾಲ್ಪೆಯಲ್ಲಿ ತಂಗಿ, ಬೆಳಿಗ್ಗೆ ಈ ಕಣಿವೆಗಳಿಗೆ ಬರುತ್ತವೆ. ಅವರ ಬೆನ್ನಿಗೆ ನಮ್ಮಂಥವರು.

ಖಾಲಿ ರಸ್ತೆ ಎಂದರೆ ನಿರ್ಭಯದ ರಸ್ತೆ ಎಂದಲ್ಲ. 2016ರ ಜನವರಿಯಲ್ಲಿ ಕಾಲ್ಪೆ ಆಸುಪಾಸಿನಲ್ಲಿ ಅಭ್ಯಾಸಕ್ಕೆ ಹೊರಟಿದ್ದ ಜಯಂಟ್-ಆಲ್ಪೆಸಿನ್ ತಂಡದ ಆರು ಸವಾರರಿಗೆ, ರಸ್ತೆಯ ತಪ್ಪು ಬದಿಯಲ್ಲಿ ಬಂದ ಕಾರು ಎದುರಿನಿಂದ ಗುದ್ದಿತು. ಅವರಲ್ಲೊಬ್ಬರಾದ ಜಾನ್ ಡೇಗನ್‌ಕೋಲ್ಬ್ ಒಂದು ಬೆರಳನ್ನೇ ಕಳೆದುಕೊಳ್ಳುವುದರಲ್ಲಿದ್ದರು. ಸ್ಪೇನಿನಲ್ಲಿ ವಾಹನಗಳು ಬಲಬದಿಯಲ್ಲಿ ಸಾಗುತ್ತವೆ; ಎಡಬದಿಯ ಸಂಚಾರಕ್ಕೆ ಒಗ್ಗಿದ ನಮ್ಮಂಥವರು ಇದನ್ನು ಮರೆಯಬಾರದು. ಪ್ರತಿ ಕೂಡುರಸ್ತೆಯಲ್ಲೂ ನಾನು ಬಾಯಿಬಿಟ್ಟು 'ಬಲಕ್ಕೆ' ಎಂದುಕೊಳ್ಳುತ್ತಿದ್ದೆ. ಮರುವರ್ಷ ಮೇ ತಿಂಗಳಲ್ಲಿ ಹತ್ತಿರದ ಒಲಿವಾ ಬಳಿ, ಕುಡಿದ ಅಮಲಿನಲ್ಲಿದ್ದ ಚಾಲಕಿಯ ಕಾರು ಶಾವಿಯಾ ಊರಿನ ಸೈಕಲ್ ಸಂಘದ ಮೂವರನ್ನು ಬಲಿ ತೆಗೆದುಕೊಂಡಿತು. 2019ರಲ್ಲಿ ಸ್ಪೇನ್ ಇಂಥ ಅಜಾಗರೂಕತೆಗೆ ಶಿಕ್ಷೆ ಬಿಗಿಗೊಳಿಸಿತು. ಸೈಕಲ್ಲನ್ನು ಹಿಂದೆ ಹಾಕುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ನಿಯಮ ಅಲ್ಲಿ ಹಳೆಯದು, ಜನ ಪಾಲಿಸುವಂಥದ್ದು. ತಿರುವಿನಲ್ಲಿ ನನ್ನ ಹಿಂದೆ ಹಾರ್ನ್ ಮಾಡದೆ ನಿಧಾನಕ್ಕೆ ಕಾದ ಟ್ರ್ಯಾಕ್ಟರನ್ನು ಇನ್ನೂ ಮರೆತಿಲ್ಲ.

ದ್ರಾಕ್ಷಿ ಹೋದ ಹೊಲಗಳಲ್ಲಿ ಬಾದಾಮಿ ಬಂದಿತ್ತು. ಫೆಬ್ರುವರಿಯ ಹೊತ್ತಿಗೆ ಮೆಟ್ಟಿಲು ಹೊಲಗಳೆಲ್ಲ ಬಿಳಿ, ನಸುಗೆಂಪು. 2017ರಲ್ಲಿ ಪಕ್ಕದ ಗ್ವಾಡಲೆಸ್ಟ್‌ನಲ್ಲಿ ಬಾದಾಮಿ ಮರವನ್ನು ಒಣಗಿಸುವ ಶೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಒಂದು ಮರಕ್ಕೆ ರೋಗವಿದ್ದರೆ ಸುತ್ತ 100 ಮೀಟರ್ ಒಳಗಿನ, ರೋಗಕ್ಕೆ ಆಸರೆಯಾಗಬಲ್ಲ ಗಿಡಗಳನ್ನೆಲ್ಲ ಕಿತ್ತು ನಾಶಮಾಡಬೇಕೆಂದು ಆಗ ಆದೇಶವಾಯಿತು. ಗಟ್ಟಿಮುಟ್ಟಾದ ಮರಗಳೂ ಸಾವಿರಗಟ್ಟಲೆ ಉರುಳಿದವು. ಪಾರ್ಸೆಂಟಿನಿಂದ ಏರುವಾಗ ಕಾಣುವ ಎಷ್ಟೋ ಮೆಟ್ಟಿಲುಗಳು ಈಗ ಬರೀ ಮಣ್ಣು, ಕಲ್ಲು. ಮೂರನೆಯ ಸಲ ಬರಿದಾಗಿದ್ದು ಹೊಲವೇ.

ಕೋಲ್ ದೆ ರಾತೆಸ್ ನೆತ್ತಿಯಲ್ಲಿ ಸೈಕಲ್ ಒರಗಿಸಿ, ಜೆರ್ಸಿಯ ಹಿಂಜೇಬಿಗೆ ಕೈಹಾಕಿದೆ. ಬೆಳಿಗ್ಗೆ ಶಲೋದಲ್ಲಿ ಕೊಂಡ ಸಣ್ಣ ಪೊಟ್ಟಣ, ಮಸ್ಕಟ್ ಒಣದ್ರಾಕ್ಷಿ. ನಮ್ಮ ಮಣೂಕಕ್ಕಿಂತ ದಪ್ಪ, ಕಂದು ಬಣ್ಣ, ಹೂವಿನಂಥ ಘಮ. ಕಚ್ಚಿದರೆ ಹಲ್ಲಿಗೆ ಬೀಜ ಸಿಕ್ಕಿತು.